ಹಾರನ್ ಹೊಡೆಯಬಾರದ ವ್ಯಾನು

ತಾಳಗುಂದದ ಗುತ್ಯಪ್ಪ ಹೆದರದೆ ಇದ್ದದ್ದು ಈ ಭೂಮಿಯ ಮೇಲೆ ಒಂದಕ್ಕೇ, ತನ್ನ ವ್ಯಾನಿಗೆ. ಮಿಕ್ಕಂತೆ ತೋಳಕ್ಕೆ ಹೆದರುತ್ತಿದ್ದ, ತೋಳದಂತೆ ಕಾಣುವ ನಾಯಿಗೆ ಹೆದರುತ್ತಿದ್ದ, ಗುಡುಗಿಗೆ ಹೆದರುತ್ತಿದ್ದ, ಗುಡುಗು ನಿಂತ ಮೇಲಿನ ಮೌನಕ್ಕೆ ಇನ್ನೂ ಹೆಚ್ಚು ಹೆದರುತ್ತಿದ್ದ. ಅವನ ಹೆಂಡತಿ ತಾಯಮ್ಮ ಮಾತ್ರ ಮಂದೆಗೆ ನುಗ್ಗಿದ ತೋಳವನ್ನು ಎಡಗಾಲಿನ ಚಪ್ಪಲಿಯಲ್ಲಿ ಹೊಡೆದು ಓಡಿಸಿ, ಚಪ್ಪಲಿಯ ಉಂಗುಟ ಕಿತ್ತುಹೋಯಿತೆಂದು ತೋಳಕ್ಕೆ ಬೈದವಳು. ಅವಳಿಗೆ ಭಯವಿದ್ದದ್ದು ಆ ವ್ಯಾನಿನದೊಂದೇ. ಸಂಸಾರಕ್ಕೆ ಬೇಕಾದಷ್ಟು ಹೆದರಿಕೆಯನ್ನು ಗಂಡಹೆಂಡತಿ ಹೀಗೆ ಹಂಚಿಕೊಂಡಿದ್ದರು.

ಭತ್ತದ ಕೊಯ್ಲು ಮುಗಿದು ಗದ್ದೆಗಳು ಬರಿದಾದರೆ ಅವರ ಕುರಿಮಂದೆ ಸೊರಬದ ಕಡೆ ಹೊರಡುತ್ತದೆ. ಗೊಬ್ಬರವಾಗಲೆಂದು ಗದ್ದೆಯವರು ರಾತ್ರಿ ಕುರಿಗಳನ್ನು ತಮ್ಮಲ್ಲಿ ಮಲಗಿಸಿಕೊಳ್ಳುತ್ತಾರೆ, ಬದಲಿಗೆ ಅಕ್ಕಿ ಅಳೆಯುತ್ತಾರೆ. ಆ ತಿಂಗಳುಗಳಲ್ಲಿ ಗುತ್ಯಪ್ಪನಿಗೆ ಮನೆ, ಅಡುಗೆಮನೆ, ಎಳೆ ಮರಿಗಳ ಬಾಣಂತಿಕೋಣೆ ಎಲ್ಲವೂ ವ್ಯಾನೇ. ಮೊದಲು ಅದು ಮದುವೆ ಬ್ಯಾಂಡಿನವರ ಗಾಡಿಯಾಗಿತ್ತು. ಬ್ಯಾಂಡಿನವರು ಮಾರುವಾಗ ಇದ್ದ ಬಿಡಿಭಾಗಗಳಲ್ಲಿ ಈಗ ಉಳಿದಿರುವುದು ಇಂಜಿನ್ನು, ತಗಡು, ಮತ್ತು ಎಡಗಡೆ ಕೆಂಪು ಬಣ್ಣದಲ್ಲಿ ಬರೆದ 'ಶುಭ' ಎಂಬ ಮಾತು. ಅದರ ಮುಂದಿನದನ್ನು ತುಕ್ಕು ತಿಂದಿತ್ತು.

ಮಿಕ್ಕದ್ದೆಲ್ಲ ಗುತ್ಯಪ್ಪನ ಸೃಷ್ಟಿ. ಫ್ಯಾನಿನ ಬೆಲ್ಟು ಹಿಟ್ಟಿನ ಗಿರಣಿಯದು. ಎಡಪಕ್ಕದ ಕನ್ನಡಿ ಮುಚ್ಚಿಹೋದ ಕ್ಷೌರದಂಗಡಿಯದು. ಅದರಲ್ಲಿ ಹಿಂದಿನ ಬಸ್ಸು ಕಾಣುತ್ತಿರಲಿಲ್ಲ, ಗುತ್ಯಪ್ಪನ ಮೀಸೆ ಚೆನ್ನಾಗಿ ಕಾಣುತ್ತಿತ್ತು. ಬಾಗಿಲಿಗೆ ಕೊಟ್ಟಿಗೆಯ ಅಗುಳಿ, ಗೇರಿನ ಕೋಲಿಗೆ ಕೊಡೆಯ ಹಿಡಿ, ಡೀಸೆಲ್ ಟ್ಯಾಂಕಿನ ತೂತಿಗೆ ಬಟ್ಟೆ ಸೋಪು, ರೇಡಿಯೇಟರಿಗೆ ಅರಿಶಿನ. ಹ್ಯಾಂಡ್‌ಬ್ರೇಕಿನ ತಂತಿ ಹೋದ ವರ್ಷವೇ ಮರಿಗಳ ಬೇಲಿ ಕಟ್ಟಲು ಹೋಗಿತ್ತು. ಹಾರನ್ ಸತ್ತಾಗ, ಎಡಗಡೆಯ ಕಿಟಕಿಯ ಹೊರಗೆ ಒಂದು ಸ್ಟೀಲ್ ತಟ್ಟೆಯನ್ನೂ ಅದನ್ನು ಬಡಿಯಲು ನಟ್ಟು ಬಿಗಿಯುವ ಒಂದು ಪಾನಾವನ್ನೂ ತೂಗುಹಾಕಿದ.

ಕುರಿಗಳಿಗೆ ಆ ತಟ್ಟೆಯ ಸದ್ದು ಎಂದರೆ ಪ್ರಾಣ. ಸಂಜೆ ವ್ಯಾನು ನಿಲ್ಲಿಸಿ ಗುತ್ಯಪ್ಪ ತಟ್ಟೆ ಬಡಿದನೆಂದರೆ ಉಪ್ಪು, ಅದರ ಜೊತೆ ಒಂದಿಷ್ಟು ಮೆಕ್ಕೆಜೋಳ. ಎಲ್ಲಿದ್ದರೂ ಮಂದೆಯೆಲ್ಲ ಓಡಿಬಂದು ವ್ಯಾನಿಗೆ ಮುತ್ತಿಕೊಳ್ಳುತ್ತಿತ್ತು. ಕುರಿಗಳನ್ನು ಕೂಗಿ ಕರೆಯುವ ಕಷ್ಟವೇ ತಪ್ಪಿತೆಂದು ಅವನು ಊರಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದ.

ಈ ಸಲ ಆನವಟ್ಟಿಗೆ ಬರುವಷ್ಟರಲ್ಲಿ ಮುಂದಿನ ಚಕ್ರದ ಹತ್ತಿರ ಬ್ರೇಕಿನ ಆಯಿಲ್ ತೊಟ್ಟಿಕ್ಕತೊಡಗಿತು. ಮೆಕ್ಯಾನಿಕ್ ಗಣೇಶ್ ಕೆಳಗೆ ಮಲಗಿ ನೋಡಿ ಎದ್ದ.

"ಗುತ್ಯಣ್ಣ, ಪೈಪ್ ಹೋಗೇತಿ. ಈ ಗಾಡಿದು ಇಲ್ಲಿ ಸಿಗಲ್ಲ. ಶಿವಮೊಗ್ಗದ ಗುಜರಿನಾಗೆ ಹುಡುಕಿಸ್ತೀನಿ, ಒಂದು ವಾರ ಬಿಡು."

"ವಾರ ಎಲ್ಲೈತಪ್ಪ! ಜಡೆ ಗದ್ದೆಯೋರು ನಾಳೆನೇ ಬಾ ಅಂತಾರೆ."

ಜಡೆ ಊರಿನ ಆ ಗದ್ದೆಯ ಯಜಮಾನ ಸುರೇಂದ್ರ ಅಲ್ಲೇ ನಿಂತಿದ್ದ, ದಾರಿ ತೋರಿಸಲು ಬಂದವನು. "ನಾಳೆ ಬರ್ಲಿಲ್ಲ ಅಂದ್ರೆ ಬೇರೆ ಮಂದೆಯವ್ರಿಗೆ ಹೇಳ್ತೆ ಮಾರಾಯ್ರೆ. ಆಮೇಲೆ ನನ್ನ ಮೇಲೆ ಸಿಟ್ಟಾಗ್ಬೇಡಿ" ಎಂದ.

ಗುತ್ಯಪ್ಪ ಯೋಚಿಸಿದ. ಕಂಬಳಿಯಿಂದ ಉಣ್ಣೆ ಎಳೆದ, ಕುರಿಯ ಕೊಬ್ಬು ಮೆತ್ತಿ ಪೈಪಿಗೆ ಸುತ್ತಿದ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ. ತೊಟ್ಟಿಕ್ಕುವುದು ನಿಂತಿತು. ಕೊಬ್ಬು ಅವನಿಗೆ ಹೊಸದಲ್ಲ. ಅವರ ಮನೆತನದಲ್ಲಿ ಒಡೆದ ಹಿಮ್ಮಡಿಗೂ ಕೊಬ್ಬು, ಕಿರುಗುಟ್ಟುವ ಗಾಲಿಗೂ ಕೊಬ್ಬು.

"ಅಣ್ಣಾ, ಬ್ರೇಕ್ ಬಿಸಿ ಆಗತ್ತೆ, ಕೊಬ್ಬು ಕರಗತ್ತೆ" ಎಂದ ಗಣೇಶ್.

"ತಾಳಗುಂದದಿಂದ ಇಲ್ಲಿತಂಕ ಬ್ರೇಕ್ ತುಳಿದೇ ಇಲ್ಲ ನಾನು. ಬಿಸಿ ಹೆಂಗಾಗುತ್ತೆ?"

ಅದು ನಿಜ. ಬಯಲುಸೀಮೆಯ ಮಗ್ಗುಲಿನ ಆ ಸಮತಟ್ಟು ದಾರಿಯಲ್ಲಿ ಬ್ರೇಕಿಗೆ ಕೆಲಸವೇ ಇಲ್ಲ. ಜಡೆಯ ದಾರಿ ಬೇರೆ ಎಂಬುದನ್ನು ಅವನು ಮರೆತಿದ್ದ.

ತಾಯಮ್ಮ ಚಕ್ರದ ಬಳಿ ಬಗ್ಗಿ ಮೂಸಿ ನೋಡಿದಳು. "ಏನ್ರೀ, ಬ್ರೇಕಿನಾಗೆ ಸಾರಿನ ವಾಸ್ನೆ ಬರ್ತೈತಿ?"

"ಔಷಧಿ ಹಾಕೀನಿ."

"ಹಾಕ್ಕಳ್ರಿ. ನಾ ಕುರಿ ಹೊಡ್ಕಂಡು ಮುಂದೆ ನಡೀತೀನಿ. ಅದ್ರೊಳಗೆ ಕುಂತು ಸಾಯೋದಕ್ಕಿಂತ ಕಾಲು ನೋವೇ ಸುಖ."

ಹೀಗೆ ವ್ಯಾನಿನಿಂದ ಪಾರಾಗಲು ಅವಳು ಮರುದಿನ ಬೆಳಿಗ್ಗೆ ಬೇಗನೆ ವ್ಯಾನಿನ ಮುಂದೆ ನಡೆದುಹೋದಳು. ಬಿಸಿಲೇರಿದ ಮೇಲೆ ಗುತ್ಯಪ್ಪ ಹೊರಟ. ಹಿಂದೆ ಬುಟ್ಟಿಗಳಲ್ಲಿ ಎಳೆ ಮರಿಗಳು, ಎಡಕ್ಕೆ ಸುರೇಂದ್ರ. ಒಂದು ಇಳಿಜಾರು ಬಂತು, ಬ್ರೇಕ್ ತುಳಿದ, ಹಿಡಿಯಿತು. ಇನ್ನೊಂದು ಬಂತು, ಹಿಡಿಯಿತು, ಜೊತೆಗೆ ಬಾಡೂಟದ ಪರಿಮಳವೂ ಬಂತು. ಸುರೇಂದ್ರ ಮೂಗರಳಿಸಿ, "ಯಾರ ಮನೇಲೋ ಮಟನ್ನು" ಎಂದ.

ಮೂರನೆಯ ಇಳಿಜಾರು ಉದ್ದನೆಯದು. ಎಡಕ್ಕೆ ರಸ್ತೆಗಾಗಿ ಗುಡ್ಡ ಕಡಿದು ಉಳಿದ ಆಳೆತ್ತರದ ಮಣ್ಣಿನ ದರೆ, ಬಲಕ್ಕೆ ತುಂಬಿದ ಕೆರೆ. ಕೆಳಗೆ ರಸ್ತೆಯಗಲಕ್ಕೂ ಕುರಿಗಳು, ಅವುಗಳ ನಡುವೆ ತಲೆಯ ಮೇಲೆ ಕಂಬಳಿ ಕೊಪ್ಪೆ ಹೊದ್ದ ತಾಯಮ್ಮ. ಗುತ್ಯಪ್ಪ ಬ್ರೇಕ್ ತುಳಿದ. ಕಾಲು ನೆಲಕ್ಕೆ ಹೋಯಿತು. ಮತ್ತೆ ತುಳಿದ. ಕೆಸರಿನಲ್ಲಿ ಕಾಲಿಟ್ಟಂತಾಯಿತು, ಅಷ್ಟೇ.

ಅವನ ಜೀವಮಾನದ ಹೆದರಿಕೆಗಳೆಲ್ಲ ಆಗ ಒಟ್ಟಿಗೆ ಬಂದು ಎದೆಯ ಮೇಲೆ ಕುಳಿತವು. ತೋಳ, ಗುಡುಗು, ಎಲ್ಲವೂ ಎಷ್ಟು ಸಣ್ಣವಾಗಿದ್ದವು! ಗೇರು ಇಳಿಸಲು ಹೋದರೆ ಕೊಡೆಯ ಹಿಡಿ ಕೈಗೇ ಬಂತು, ಕೋಲು ಬರಿದೆ ಅಲ್ಲಾಡಿತು. ವ್ಯಾನಿನ ಓಟ ಹೆಚ್ಚಿತು. ತಾಯಮ್ಮನ ಬೆನ್ನು ದೊಡ್ಡದಾಗತೊಡಗಿತು.

"ಹಾರನ್ ಹೊಡೀರಿ ಮಾರಾಯ್ರೆ!" ಸುರೇಂದ್ರ ಕೂಗಿದ.

"ಬ್ಯಾಡ! ಹೊಡದ್ರೆ ಬರ್ತಾವು!"

"ಹೊಡದ್ರೆ ಹೋಗ್ತಾವೋ ಬರ್ತಾವೋ?"

"ಬರ್ತಾವ್ರೀ! ಉಪ್ಪು ಅನ್ಕಂಡು ಬರ್ತಾವು!"

ಪ್ರಾಣಭಯಕ್ಕೆ ವಿವರಣೆ ಕೇಳುವ ವ್ಯವಧಾನವಿಲ್ಲ. ಸುರೇಂದ್ರ ಪಾನಾ ಕಿತ್ತುಕೊಂಡು ತಟ್ಟೆಯನ್ನು ಬಡಿದೇ ಬಡಿದ. ಮಂದೆ ನಿಂತಿತು. ತಲೆಗಳು ಎದ್ದವು. ಮರುಕ್ಷಣ ಇಡೀ ಮಂದೆ ತಿರುಗಿ, ಏರು ಹತ್ತಿ, ಆನಂದದಿಂದ ಅರಚುತ್ತ ತನ್ನ ಮೃತ್ಯುವಿನ ಕಡೆಗೆ ಓಡಿಬಂತು. ಮುಂದೆ ಕೊಂಬಿನ ಟಗರು. ನಡುವೆ ಕುರಿಗಳ ಹೊಳೆಗೆ ಸಿಕ್ಕಿ, ಅತ್ತಿತ್ತ ಸರಿಯಲಾಗದೆ ತಾಯಮ್ಮ. ಅವಳು ಕೋಲೆತ್ತಿ ಏನೋ ಕೂಗುತ್ತಿದ್ದಳು. ತಟ್ಟೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಗುತ್ಯಪ್ಪ ಸ್ಟೇರಿಂಗನ್ನು ಎಡಕ್ಕೆ ಎಳೆದ.

"ನನ್ನ ಕಡೆ ಎಂತಕ್ಕೆ ತಿರುಗಿಸ್ತೀರಿ!"

"ಆ ಕಡೆ ಕೆರೆ ಐತಿ! ಕೈ ಒಳಗೆ ತಗಳ್ರಿ!"

ವ್ಯಾನು ದರೆಗೆ ಮೈಯುಜ್ಜಿತು. ಗುತ್ಯಪ್ಪನ ಬಿಡಿಭಾಗಗಳ ಸೈನ್ಯ ಒಂದೊಂದಾಗಿ ಧರೆಗುರುಳಿತು. ಮೊದಲು ಕ್ಷೌರದ ಕನ್ನಡಿ ವೀರಮರಣವನ್ನಪ್ಪಿತು. ಆಮೇಲೆ ತಟ್ಟೆ, ಝಣಝಣನೆ ಉರುಳಿ, ಸಾಯುವಾಗಲೂ ಕುರಿಗಳನ್ನು ಕರೆಯುತ್ತ. ಅಗುಳಿ ಮುರಿಯಿತು, ಬಾಗಿಲು ಹೋಯಿತು, ಸುರೇಂದ್ರ ಗುತ್ಯಪ್ಪನ ತೊಡೆಯ ಮೇಲೆ ಬಂದ. ಆ ಗಾಡಿಯ ಒಂದೊಂದು ಮೊಳೆಗೂ ಊರೂರು ಅಲೆದವನು ಈಗ ಹಲ್ಲು ಕಚ್ಚಿ, ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಒತ್ತಿದ. ಹೋಗಲಿ, ಎಲ್ಲವೂ ಹೋಗಲಿ, ಅವಳೊಬ್ಬಳನ್ನು ಬಿಟ್ಟು.

ಕೆಂಪು ಧೂಳಿನೊಳಗೆ ವ್ಯಾನು ನರಳಿ, ನಡುಗಿ, ನಿಂತಿತು. ಗುತ್ಯಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ತೆರೆದರೆ ಏನು ಕಾಣಬೇಕಾದೀತೋ ಎಂಬ ಹೆದರಿಕೆ. ಅಷ್ಟರಲ್ಲಿ ಬಲಗಡೆಯ ಕಿಟಕಿಯಿಂದ ಬೆಚ್ಚನೆಯ ಉಸಿರು ಮುಖಕ್ಕೆ ಬಡಿಯಿತು. ಟಗರು ಮುಂಗಾಲೆತ್ತಿ ನಿಂತು ಒಳಗೆ ತಲೆ ಹಾಕಿ ಉಪ್ಪು ಎಲ್ಲಿ ಎಂದು ನೋಡುತ್ತಿತ್ತು.

"ಏನ್ರೀ," ಅದರ ಹಿಂದಿನಿಂದ ತಾಯಮ್ಮನ ದನಿ ಬಂತು. ಮೆಲ್ಲಗೆ, ನಡುಗುತ್ತಾ. ತೋಳಕ್ಕೂ ನಡುಗದ ದನಿ. "ಜೀವ ಐತೇನ್ರೀ?"

"ಐತೆ" ಎಂದ. "ನಿನಗೆ?"

"ನನ್ನದು ಇರ್ಲಿ. ಮರಿ?"

ಹಿಂದೆ ಬುಟ್ಟಿಗಳಲ್ಲಿ ಮರಿಗಳು ಹಸಿವಾಯಿತೆಂದು ಅರಚಿದವು. ತಾಯಮ್ಮ ರಸ್ತೆಯಲ್ಲೇ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು, ಉಪ್ಪಿನ ಚೀಲ ಬಿಚ್ಚಿ, ಕರೆಸಿಕೊಂಡ ಮಂದೆಗೆ ಮೋಸವಾಗಬಾರದೆಂದು ಚೆಲ್ಲಿದಳು. ಆಮೇಲೆಯೇ ಗಂಡನಿಗೆ ಬೈಯಲು ಶುರು ಮಾಡಿದ್ದು. ಆನವಟ್ಟಿಯಿಂದ ಗಣೇಶ್ ಬರುವವರೆಗೂ ಅದು ನಡೆಯಿತು.

ಶಿವಮೊಗ್ಗದಿಂದ ಬ್ರೇಕಿನ ಪೈಪು ಬಂತು. ಮಿಕ್ಕದ್ದನ್ನು ಗುತ್ಯಪ್ಪ ದರೆಯ ಬುಡದಲ್ಲಿ ಹೆಕ್ಕಿ ತಂದು ಮತ್ತೆ ಕಟ್ಟಿಕೊಂಡ. ತಟ್ಟೆ ಈಗ ತಾಯಮ್ಮನ ಹೆಗಲ ಚೀಲದಲ್ಲಿರುತ್ತದೆ. 'ಶುಭ' ದರೆಯ ಮಣ್ಣಿಗೆ ಸಂದಿತು. ಸುರೇಂದ್ರ ಮಂದೆಯನ್ನು ಗದ್ದೆಯಲ್ಲಿ ಮಲಗಿಸಿಕೊಂಡ, ಆದರೆ ಗದ್ದೆಗೆ ನಡೆದುಕೊಂಡೇ ಬಂದ.

ಅಂದಿನಿಂದ ತಾಯಮ್ಮನ ಕಾನೂನು ಜಾರಿಯಲ್ಲಿದೆ. ಇಳಿಜಾರು ಬಂದರೆ ವ್ಯಾನು ಮುಂದೆ, ಕುರಿ ಹಿಂದೆ. ಏರು ಬಂದರೆ ಕುರಿ ಮುಂದೆ, ವ್ಯಾನು ಹಿಂದೆ. ಏರುತಗ್ಗಿನ ಆ ದಾರಿಯಲ್ಲಿ ಪ್ರತಿ ದಿಣ್ಣೆಯ ನೆತ್ತಿಯಲ್ಲೂ ಮಂದೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ವ್ಯಾನು ಸದ್ದಿಲ್ಲದೆ ಮುಂದೆ ದಾಟುತ್ತದೆ. ಪ್ರತಿ ತಗ್ಗಿನಲ್ಲೂ ವ್ಯಾನು ನಿಂತು ದಾರಿ ಬಿಡುತ್ತದೆ. ಸೊರಬದ ಬಸ್ಸಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ.

"ಹೊಸ ಬ್ರೇಕ್ ಐತಲ್ಲೇ, ಇನ್ನೂ ಯಾಕೆ ಹೆದರ್ತಿ?" ಎಂದು ಗುತ್ಯಪ್ಪ ಒಮ್ಮೆ ಕೇಳಿದ.

"ನಾನೆಲ್ಲಿ ಹೆದರ್ತೀನಿ" ಎಂದಳು ತಾಯಮ್ಮ. "ನಿಮ್ಮ ಕಾಲು ನೋಡ್ಕಳ್ರಿ."

ಸಮತಟ್ಟು ರಸ್ತೆಯಲ್ಲಿ, ನಿಂತ ವ್ಯಾನಿನಲ್ಲಿ ಕುಳಿತ ಗುತ್ಯಪ್ಪನ ಕಾಲು ಬ್ರೇಕನ್ನು ತುಳಿದುಕೊಂಡೇ ಇತ್ತು.