ಭಾಲ್ಕಿಯ ಬೇವಿನ ಗಿಡ ಮತ್ತು ಒಂದು ಅವಸರದ ಸ್ತುತಿ

ದೇವರಿಗೆ ಒಮ್ಮೆ ಹೇಳಿದ ಥ್ಯಾಂಕ್ಸನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ?

ನಗಬೇಡಿ. ನಮ್ಮ ಬೀಗರ ಮನೆಯಲ್ಲಿ ಈ ಪ್ರಶ್ನೆ ನಿಜವಾಗಿಯೂ ಎದ್ದಿತ್ತು.

ಹೋದ ತಿಂಗಳ ಒಂದು ಭಾನುವಾರ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಬೀದರಿನ ಚಿದ್ರಿಯಿಂದ ಔರಾದಿಗೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕನ ಮಗಳು ಪ್ರಮೀಳಾಳ ಮನೆ. ಆಕೆ ಶಾಲೆಯಲ್ಲಿ ಟೀಚರ್. ಇಬ್ಬರು ಹೆಣ್ಣುಮಕ್ಕಳು. ಅವತ್ತು ಅವರಲ್ಲಿ ಪ್ರಾರ್ಥನೆ ಕೂಟ. ನಮ್ಮ ಮೆಥಡಿಸ್ಟ್ ಮಂದಿಯಲ್ಲಿ ಇದು ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ. (ನನ್ನ ಭಕ್ತಿ ಯುನಿವರ್ಸಿಟಿ ಹಾಸ್ಟೆಲಿನಲ್ಲೇ ಎಲ್ಲೋ ಕಳೆದುಹೋಯಿತು. ಕೂಟ ಮುಗಿದ ಮೇಲೆ ಕೊಡುವ ಅವಲಕ್ಕಿ ಚೂಡಾ ಮತ್ತು ಬೇಸನ್ ಉಂಡಿಯ ಮೇಲಿನ ವಿಶ್ವಾಸ ಮಾತ್ರ ಹಾಗೇ ಇದೆ.)

ಹಾಡು ಆಯಿತು, ಬೈಬಲ್ ವಾಕ್ಯ ಆಯಿತು. ಪಾಸ್ಟರ್ ಕೇಳಿದರು: "ಯಾರದರ ಸ್ತುತಿ, ವಿನಂತಿ ಅದಾವೇನ್ರಿ?"

ಇದೊಂದು ಪದ್ಧತಿ. ಮಗನಿಗೆ ನೌಕರಿ ಸಿಕ್ಕರೆ ಎದ್ದು ಸ್ತುತಿ ಹೇಳಬೇಕು. ಮೊಣಕಾಲು ನೋಯುತ್ತಿದ್ದರೆ ವಿನಂತಿ ಇಡಬೇಕು. ಹೇಳಿದ್ದನ್ನೆಲ್ಲ ಸೇರಿಸಿ ಪಾಸ್ಟರ್ ಪ್ರಾರ್ಥಿಸುತ್ತಾರೆ. ಮುಂದಿನ ಕೂಟದಲ್ಲಿ ಎಲ್ಲರೂ ಮರೆಯದೆ ಕೇಳುತ್ತಾರೆ: "ಮೊಣಕಾಲ್ ಹ್ಯಾಂಗದ್ರಿ?"

ಪ್ರಮೀಳಾಳ ಅತ್ತೆ ಎಸ್ತೇರಮ್ಮ ಎದ್ದು ನಿಂತರು. ಸೆರಗು ತಲೆ ಮೇಲೆ ಎಳೆದುಕೊಂಡರು. ಮುಖದಲ್ಲಿ ಹಬ್ಬ.

"ನಮ್ಮ ಸೊಸಿಗಿ ದೇವರು ಮತ್ತೊಂದು ಕೂಸು ಕೊಡ್ಲತ್ತಾನ್ರಿ. ಅದಕ್ಕ ಸ್ತುತಿ."

"ದೇವರಿಗೆ ಸ್ತೋತ್ರ!" ಅಂದಿತು ಇಡೀ ಪಡಸಾಲೆ.

ನಾನು ಪ್ರಮೀಳಾಳ ಮುಖ ನೋಡಿದೆ. ಆಕೆ ಗಂಡನ ಮುಖ ನೋಡಿದಳು. ಗಂಡ ಸುನೀಲ ಫ್ಯಾನ್ ನೋಡಿದ.

ಮಂದಿ ಎದ್ದು ಹೋಗುವವರೆಗೂ ಪ್ರಮೀಳಾ ತಡೆದುಕೊಂಡಿದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಯಾರಿಗೂ ಹೇಳಬ್ಯಾಡ ಅಂದಿದ್ದೆ ಇಲ್ಲೋ?"

"ಅವ್ವ ಕೇಳಿದ್ಳು, ಹೇಳ್ದೆ. ಖುಷಿ ಸುದ್ದಿ ಅಲ್ಲೇನು?"

"ಅದು ಖುಷಿ ಸುದ್ದಿ ಹೌದೋ ಅಲ್ಲೋ ನಾನಿನ್ನೂ ನಿಶ್ಚಯ ಮಾಡಿಲ್ಲ. ನಂಗ ಎರಡು ಸಾಕು ಅನಸ್ಲತ್ತದ."

ಎಸ್ತೇರಮ್ಮನ ಕೈಯಲ್ಲಿದ್ದ ಚಹದ ತಟ್ಟೆ ಅಲ್ಲೇ ನಿಂತಿತು. "ಯಾಕ? ತಬ್ಯೇತಿಗೆ ಏನಾಗ್ಯದ? ಡಾಕ್ಟರ್ ಏನಂದ್ರು?"

"ಏನೂ ಅಂದಿಲ್ರಿ ಅತ್ತಿ. ನಂಗ ಸಾಕು ಅನಸ್ಯದ. ಅಷ್ಟೇ."

ನೋಡಿ, ನಾವು ಸಿಕ್ಕಿಬೀಳುವುದು ಇಲ್ಲೇ. ಹೆಣ್ಣು ಬೇಡ ಅಂದರೆ ನಮಗೊಂದು ದೊಡ್ಡ ಕಾರಣ ಬೇಕು. ಕಾಯಿಲೆ ಇರಬೇಕು, ಅನಾಹುತ ಆಗಿರಬೇಕು. ಬೇಕು ಅನ್ನುವುದಕ್ಕೆ ಎಂದಾದರೂ ಕಾರಣ ಕೇಳಿದ್ದೇವೆಯೇ? ಹೆಣ್ಣುಕೂಸು ಎಂದು ಹೇಗೋ ತಿಳಿದುಕೊಂಡು ಸದ್ದಿಲ್ಲದೆ ತೆಗೆಸಿದ ಮನೆಗಳು ನಿಮ್ಮ ಓಣಿಯಲ್ಲೂ ಇವೆ, ನಮ್ಮ ಓಣಿಯಲ್ಲೂ ಇವೆ. ಆಗ ಯಾರಿಗೂ ನೀತಿ ನೆನಪಾಗಲಿಲ್ಲ. ಈಗ ಒಬ್ಬಳು ತನ್ನ ಮಾತನ್ನು ತಾನೇ ಆಡಿದ ಕೂಡಲೇ ಚಹಾ ಆರುತ್ತದೆ.

(ಗರ್ಭ ತೆಗೆಸಲು ಮನೆಯವರ ಒಪ್ಪಿಗೆ ಬೇಡ, ವಯಸ್ಕ ಹೆಣ್ಣಿನದೊಂದೇ ಸಾಕು ಎನ್ನುತ್ತದೆ ನಮ್ಮ ದೇಶದ ಕಾನೂನು. ಆದರೆ ಡಾಕ್ಟರರ ಬಾಗಿಲು ಮುಟ್ಟುವ ಮುಂಚೆ ಪಡಸಾಲೆ ದಾಟಬೇಕಲ್ಲ?)

ಎಸ್ತೇರಮ್ಮ ಕೆಟ್ಟವರಲ್ಲ. ಪ್ರಮೀಳಾಳ ಬಾಣಂತನಗಳಲ್ಲಿ ಆಕೆಯ ತಲೆಗೆ ಎಣ್ಣೆ ತಿಕ್ಕಿದ್ದು ಅವರೇ. ಸೊಸೆ ಶಾಲೆಗೆ ಹೋದರೆ ಮೊಮ್ಮಕ್ಕಳಿಗೆ ಉಣ್ಣಿಸುವುದೂ ಅವರೇ. ಅವರಿಗೆ ನಿಜವಾಗಿ ನೋವಾಗಿತ್ತು. ನೋವಾದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಅವರ ಕೈಗೆ ಸಿಕ್ಕಿದ್ದು ನಾನು.

"ನಿಮ್ಮ ಮಾಮಾನ ನೋಡು! ಅವತ್ತ ನಿಮ್ಮ ಅಜ್ಜಿ ಮನಸ್ ಬದಲ್ ಮಾಡಿ ವಾಪಸ್ ಬರಲಿಲ್ಲಂದ್ರ ಈ ಮನುಷ್ಯಾ ಇರ್ತಿದ್ನೇನು?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಿ ತುಂಬ ಚೂಡಾ. ಅಜ್ಜಿ ವಾಪಸ್ ಬಂದದ್ದು ಸಾರ್ಥಕವಾಯಿತೇ ಎಂದು ಅವರು ಅಳೆಯುತ್ತಿದ್ದಂತಿತ್ತು.

ಇದು ನಮ್ಮ ಬಳಗಕ್ಕೆಲ್ಲ ಗೊತ್ತಿರುವ ಕಥೆ. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ನನ್ನನ್ನು ತೆಗೆಸಲೆಂದು ಭಾತಂಬ್ರಾದಿಂದ ಭಾಲ್ಕಿಯ ದವಾಖಾನೆಗೆ ಹೋಗಿದ್ದಳಂತೆ. ಅಲ್ಲಿನ ಬೇವಿನ ಗಿಡದ ಕೆಳಗೆ ಕೂತು, ಮನಸ್ಸು ಬದಲಿಸಿ, ಹೊರಳಿ ಬಂದಳಂತೆ. ಹಾಸ್ಟೆಲಿನ ಡಿಬೇಟುಗಳಲ್ಲಿ ಇದನ್ನು ನಾನು ಚೆನ್ನಾಗಿ ದುಡಿಸಿಕೊಂಡಿದ್ದೇನೆ. ಗರ್ಭಪಾತ ತಪ್ಪು ಎಂದು ವಾದಿಸುವಾಗ, "ನಾನೇ ಸಾಕ್ಷಿ!" ಮುಂದಿನ ವರ್ಷ ಅದು ಹಕ್ಕು ಎಂದು ವಾದಿಸುವಾಗ, "ನಮ್ಮವ್ವ ತಾನೇ ನಿರ್ಧರಿಸಿದಳು!" ಎರಡೂ ಸಲ ಚಪ್ಪಾಳೆ ಬಿತ್ತು.

ಒಂದೇ ಅನುಮಾನ. ಆ ಬೇವಿನ ಗಿಡ ನನಗೆ ನೆನಪಿದೆ. ಕೆಳಗೆ ಬಿದ್ದ ಹಳದಿ ಬೇವಿನ ಹಣ್ಣು, ಅಪ್ಪನ ಬಿಳಿ ಅಂಗಿ, ಎಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೇ ಎಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಹುಟ್ಟದವನಿಗೆ ಗಿಡ ಕಂಡದ್ದು ಹೇಗೆ?

ಅಷ್ಟು ಹೊತ್ತು ಉಂಡಿ ಮುರಿಯುತ್ತಾ ಕೂತಿದ್ದ ಅವ್ವ ಬಾಯಿ ತೆರೆದಳು.

"ಇವನಲ್ಲ."

"ಏನ್ರಿ ಅವ್ವಾರ?" ಅಂದರು ಎಸ್ತೇರಮ್ಮ.

"ಅದು ಇವನಲ್ಲ. ಇವ ಹುಟ್ಟಿದ ಮ್ಯಾಲ ಹೊಟ್ಯಾಗ ನಿಂತದ್ದು. ಮತ್ತ ನಾ ಹೊರಳಿ ಬಂದಿಲ್ಲ. ಒಳಗ ಹೋಗಿ, ತೆಗಿಸಿಕೊಂಡೇ ಬಂದೀನಿ. ಇವರಪ್ಪ ಇವನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ಬೇವಿನ ಗಿಡದ ಬುಡಕ ಕುಂತಿದ್ದ. ಇವ ಹಣ್ಣು ಆರಿಸಿ ತಿಂದು ರಾತ್ರೆಲ್ಲ ಹೊಟ್ಟಿ ಜಾಡಿಸ್ಕೊಂಡ."

ನಾನೇ ಕೇಳಿದೆ. "ಮತ್ತ ಇಷ್ಟು ವರ್ಷ ನಾ ಎಲ್ಲಾರ ಮುಂದ ಹೇಳ್ಕೋತ ತಿರುಗಿದೆನಲ್ಲವ್ವಾ?"

"ಕಥಿ ಕಟ್ಟಿದಾವ ನೀ. ನಿನಗ ಖುಷಿ ಆಗಿತ್ತು, ಸುಮ್ಮಿದ್ದೆ. ನಿನ್ನ ಬೇಕಂತನೇ ಹಡ್ದೀನೋ ಮಳ್ಳಾ!"

ಈ ವಯಸ್ಸಿನಲ್ಲಿ ಇಂಥದ್ದನ್ನು ಕೇಳಿ ಕಣ್ಣೊರೆಸಿಕೊಳ್ಳಬಾರದು. ಒರೆಸಿಕೊಂಡೆ. (ಚೂಡಾದ ಖಾರ ಅಂದುಕೊಳ್ಳಿ.) ಗಿಡ ಸುಳ್ಳಲ್ಲ. ಗಿಡದ ಕೆಳಗಿನ ಕಥೆ ಮಾತ್ರ ನನ್ನದು. ಎರಡೂ ಕಡೆಯಿಂದ ವಾದ ಮಾಡಿದ ನಾನು, ಒಳಗೆ ಹೋದವಳನ್ನು ಒಂದು ಮಾತು ಕೇಳಿರಲಿಲ್ಲ.

ಕೇಳಿದವಳು ಪ್ರಮೀಳಾ. "ಅಜ್ಜಿ, ನಿನಗ ದುಃಖ ಆಗಿಲ್ಲೇನು?"

"ಆಗ್ಯದ. ನಿಮ್ಮವ್ವನ ಲಗ್ನ ಮಾಡಿ ಕಳಿಸಿದಾಗೂ ಅತ್ತೀನಿ. ಅತ್ತೀನಿ ಅಂತ ಲಗ್ನ ತಪ್ಪಾಗ್ತದೇನು? ನೀ ಇಟ್ಕೋ ಅಂತನೂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ ನಾ."

ಎಸ್ತೇರಮ್ಮನ ಕಣ್ಣು ತುಂಬಿತ್ತು. "ಅದೆಲ್ಲ ಖರೇ ಇರಬಹುದ್ರಿ ಅವ್ವಾರ. ನಾ ಸಭಾ ಮುಂದ ಸ್ತುತಿ ಮಾಡೀನಿ. ಈಗ ದೇವರಿಗಿ ಏನ್ ಹೇಳ್ಲಿ?"

"ದೇವರಿಗಿ ಎಲ್ಲಾ ಗೊತ್ತದ ಎಸ್ತೇರಾ. ಚಹಾ ಕುಡಿದು ಹೋದ ಮಂದಿಗಿ ಏನ್ ಹೇಳ್ತಿ, ಅದನ್ನ ವಿಚಾರ ಮಾಡು."

ಎಸ್ತೇರಮ್ಮ ನಗಲಿಲ್ಲ, ಒಪ್ಪಲೂ ಇಲ್ಲ. ತಣ್ಣಗಾದ ಚಹವನ್ನು ಮತ್ತೆ ಬಿಸಿ ಮಾಡಲು ಒಳಗೆ ಹೋದರು. ಹೋಗುತ್ತಾ ಬೆನ್ನು ತಿರುಗಿಸಿಯೇ ಸೊಸೆಗೆ ಹೇಳಿದರು: "ಬೀದರ್ ಡಾಕ್ಟರ್ ಹಂತ್ಯಾಕ ಒಬ್ಬಾಕೇ ಹೋಗಬ್ಯಾಡ. ನಾ ಬರ್ತೇನಿ. ಏನೇ ಮಾಡು, ನಾ ಬರ್ತೇನಿ."

ಮುಂದಿನ ಕೂಟದ ಸುದ್ದಿಯನ್ನು ಪ್ರಮೀಳಾ ಫೋನಿನಲ್ಲಿ ಹೇಳಿದಳು. (ಆಕೆಯನ್ನು ಕೇಳಿಯೇ ಇದನ್ನೆಲ್ಲ ಬರೆದಿದ್ದೇನೆ. "ಎಲ್ಲಾರ ಹೆಸರೂ ಬದಲ್ ಮಾಡ್ರಿ ಮಾಮಾ" ಅಂದಳು, ಬದಲಿಸಿದ್ದೇನೆ.) ಪಾಸ್ಟರ್ ಎಂದಿನಂತೆ ಸ್ತುತಿ, ವಿನಂತಿ ಕೇಳಿದರಂತೆ. ಎಲ್ಲರ ಕಣ್ಣೂ ಪ್ರಮೀಳಾಳ ಹೊಟ್ಟೆಯ ಮೇಲೆ. ಎಸ್ತೇರಮ್ಮ ಎದ್ದರಂತೆ.

"ನಮ್ಮ ಸೊಸಿ ಸಲುವಾಗಿ ಪ್ರಾರ್ಥನಿ ಮಾಡ್ರಿ."

"ವಿಷಯ ಏನ್ರಿ?" ಪಾಸ್ಟರ್ ಕೇಳಿದರಂತೆ.

"ವಿಷಯ ಆಕಿದ್ರಿ, ನಮ್ದಲ್ಲ. ನೀವು ಪ್ರಾರ್ಥನಿ ಮಾಡ್ರಿ."

ಅದಿರಲಿ, ಕೊನೆಗೆ ಪ್ರಮೀಳಾ ಏನು ಮಾಡಿದಳು ಎನ್ನುತ್ತೀರಾ? ಎಸ್ತೇರಮ್ಮ ಹೇಳಿದ್ದು ನಿಮಗೂ ಕೇಳಿಸಿತಲ್ಲ?