ಖಾಲಿ ಮೊಳೆ

ಮರೆವಿನಲ್ಲಿ ನನ್ನನ್ನು ಸೋಲಿಸುವವರಿಲ್ಲ. ಬಂಗಾರಪೇಟೆಯಲ್ಲಿ ಇಳಿಯಬೇಕಾದವನು ರೈಲಿನಲ್ಲೇ ಕೂತು ಕೊನೆಯ ನಿಲ್ದಾಣ ಮಾರಿಕುಪ್ಪಂ ನೋಡಿಕೊಂಡು ಬಂದದ್ದು ಎರಡು ಸಲ. ಆದರೆ ಬುದ್ಧಿ ಕೈಕೊಡುವುದಕ್ಕೆ ಮರೆವೇ ಬೇಕಿಲ್ಲ. ಇದು ಗೊತ್ತಾದದ್ದು ಏನನ್ನೂ ಮರೆಯದ ಮುನಿಯಪ್ಪ ಮಾವನಿಂದ.

ಅಮ್ಮನ ತಮ್ಮನಾದ ಈ ಮಾವ ಎಂಬತ್ತರ ದಶಕದಲ್ಲಿ ಊರಿಗಾಂ ಕಡೆಯ ಚಿನ್ನದ ಗಣಿಯೊಂದರಲ್ಲಿ ಬಿಲ್ಲೆ ಕೊಡುವ ಕೆಲಸದಲ್ಲಿದ್ದರು. ಕೆಳಗಿಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದು ಒಪ್ಪಿಸಬೇಕು. ಮಾವ ಅದನ್ನು ಹಲಗೆಯ ಮೊಳೆಗೆ ತಗುಲಿಸಬೇಕು. ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ. ಹಲಗೆ ತುಂಬಿದ ಮೇಲೆಯೇ ಒಳಗೆ ಬಂಡೆ ಸಿಡಿಸುವುದು. ಮುನ್ನೂರು ಜನರ ನಂಬರು, ಹೆಸರು ಮಾವನಿಗೆ ಬಾಯಿಪಾಠ.

ಒಂದು ಮಧ್ಯಾಹ್ನ ಹಲಗೆ ತುಂಬಿತ್ತು. ಗಣಿಯಿಂದ ಒಬ್ಬನೂ ಮೇಲೆ ಬಂದಿರಲಿಲ್ಲ. ಖಾಲಿ ಮೊಳೆ ನೋಡಲು ಚೆನ್ನಾಗಿಲ್ಲವೆಂದು ಮಾವ ಕಳೆದುಹೋದರೆ ಇರಲೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಅವೇ ನಂಬರಿನ ಜೋಡಿ ಬಿಲ್ಲೆಗಳನ್ನೆಲ್ಲ ತೆಗೆದು, ಒಂದೂ ತಪ್ಪದೆ, ಆಯಾ ನಂಬರಿಗೆ ತಗುಲಿಸಿದ್ದರು. ಗಣಿಗೆ ಜನರನ್ನು ಇಳಿಸಿ ಹತ್ತಿಸುವ ತೊಟ್ಟಿಲು ಎಳೆಯುವವನು ಹಲಗೆ ಕಂಡು, ತಾನಿನ್ನೂ ಯಾರನ್ನೂ ಮೇಲೆತ್ತಿಲ್ಲವೆಂದು ಕೂಗಿಕೊಂಡ. ಮುನ್ನೂರು ಮನೆಗಳ ದೀಪ ಉಳಿಯಿತು.

ರಾಬರ್ಟ್‌ಸನ್‌ಪೇಟೆಯ ಡಾಕ್ಟರ ಹತ್ತಿರ ಮಾವನನ್ನು ಕರೆದೊಯ್ದವನು ನಾನೇ. ಅವರು ಹೇಳಿದ ಐದು ಪದಗಳನ್ನು ಹತ್ತು ನಿಮಿಷ ಬಿಟ್ಟು ಕೇಳಿದರೂ ಮಾವ ಒಪ್ಪಿಸಿದರು. ನಾನು ಮೂರು ಮರೆತಿದ್ದೆ. ಆಮೇಲೆ ಗಡಿಯಾರ ಬರೆಯಲು ಹೇಳಿದರು. ಮಾವ ಸೊಗಸಾಗಿ ದುಂಡಗೆ ಗೆರೆ ಎಳೆದು, ಹನ್ನೆರಡು ಅಂಕಿಗಳನ್ನೂ ಕೆಳಗಿನ ಅರ್ಧದಲ್ಲೇ ತುರುಕಿದರು. ಮೇಲೇಕೆ ಖಾಲಿ ಎಂದು ಡಾಕ್ಟರು ಕೇಳಿದರು.

"ಮೇಲ್ಗಡೆ ಯಾರವ್ರೆ ಸಾರ್? ಎಲ್ಲಾ ಕೆಳ್ಗೇ ಅವ್ರೆ."

ಡಾಕ್ಟರು ನನಗೆ ಬಿಡಿಸಿ ಹೇಳಿದರು. ಕೆಲವರಿಗೆ ಮೊದಲು ನೆನಪಿನ ಉಗ್ರಾಣ ಖಾಲಿಯಾಗುತ್ತದಂತೆ. ಕೆಲವರಿಗೆ ಉಗ್ರಾಣ ಭರ್ತಿ ಇರುತ್ತದೆ, ಯಾವುದು ಮೊದಲು, ಯಾವುದು ಯಾಕೆ ಎನ್ನುವ ಮೇಸ್ತ್ರಿ ಎದ್ದುಹೋಗುತ್ತಾನಂತೆ. ಮಾವನದು ಎರಡನೆಯದು. ಅಲ್ಲಿಗೆ ಗಣಿಯ ಕೆಲಸ ಮುಗಿಯಿತು.

ಬಂಗಾರಪೇಟೆಯ ಮನೆಯಲ್ಲಿ ಅವರು ಕೈಕೈ ಹಿಸುಕಿಕೊಳ್ಳುವುದನ್ನು ನೋಡಲಾರದೆ ಅತ್ತೆ ಒಂದು ಹಲಗೆಗೆ ಮೊಳೆ ಹೊಡೆದು ತಗಡಿನ ಬಿಲ್ಲೆ ನೇತುಹಾಕಿದರು. ಹೊರಗೆ ಹೋಗುವವರೆಲ್ಲ ಒಂದೊಂದು ಒಯ್ಯಬೇಕು, ನಾನೂ. ವರ್ಷವಾದ ಮೇಲೆ ಹೋದಾಗ, ನಾನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರೂ ಮಾವ ಹಲಗೆಯ ಒಂದೇ ಒಂದು ಖಾಲಿ ಮೊಳೆ ನೋಡುತ್ತ, ಯಾರಿಗೋ ಕೈ ಅಡ್ಡ ಹಿಡಿದು ಮೆಲ್ಲಗೆ ಅಂದರು:

"ತಡೀರಿ, ಸಿಡಿಸ್ಬ್ಯಾಡಿ. ನಮ್ಮುಡ್ಗ ಇನ್ನೂ ಕೆಳ್ಗೇ ಅವ್ನೆ."

ಚೀಲ ತಡವಿದೆ. ಹೋದ ಸಲ ಒಯ್ದ ಬಿಲ್ಲೆ ಅಲ್ಲೇ ಇತ್ತು. ಒಪ್ಪಿಸೋಣವೆಂದುಕೊಂಡೆ, ಅದನ್ನೂ ಮರೆತೆ. ಮುಂದಿನ ಸಲ ಹೋಗುವಷ್ಟರಲ್ಲಿ ಮಾವನೇ ತೀರಿಕೊಂಡಿದ್ದರು.

ಈಗ ಒಳಕೋಣೆಗೆ ಯಾಕೆ ಬಂದೆನೆಂದು ತಿಳಿಯದೆ ನಿಂತಾಗಲೆಲ್ಲ ಜೇಬಿನ ಆ ಬಿಲ್ಲೆ ಮುಟ್ಟಿಕೊಳ್ಳುತ್ತೇನೆ. ಮಾವನ ಲೆಕ್ಕದಲ್ಲಿ ನಾನಿನ್ನೂ ಮೇಲೆ ಬಂದಿಲ್ಲ. ಎಲ್ಲೋ ಒಬ್ಬರು ಕೈ ಅಡ್ಡ ಹಿಡಿದೇ ಇದ್ದಾರೆ.