ಕಾಗದದಲ್ಲಿ ಇರದ ವಿಷ

ಕಳೆದ ವಾರ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಒಂದು ಪೊಟ್ಟಣ ಬಿಚ್ಚಿದೆ. ಒಳಗೆ ಸತ್ತ ಕೂಲಿಯವನೊಬ್ಬನ ಅಂಗಿ ಇತ್ತು. ಕೊಳೆತ ಬೆಳ್ಳುಳ್ಳಿಯಂಥ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ತಾಂಬಾ ಊರಿನ ನಮ್ಮ ಓಣಿ ಕಣ್ಣೆದುರು ಬಂತು… ಪಕ್ಕದ ಮನೆಯ ಕಾಕಾ ಬೆನ್ನಿನ ಪಂಪು ಇಳಿಸುತ್ತಿದ್ದರು.

ಕಾಕಾ ದ್ರಾಕ್ಷಿ ತೋಟಗಳಿಗೆ ಎಣ್ಣೆ ಹೊಡೆಯಲು ಹೋಗುತ್ತಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಸಂಜೆ ಬಂದವರು ಸೀದಾ ಬಚ್ಚಲಿಗೆ ಹೋಗಿ, ಮೈ ಉಜ್ಜಿ ತೊಳೆದುಕೊಂಡ ಮೇಲೆಯೇ ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಶೆರೆ ಕುಡಿಯುತ್ತಿದ್ದರಂತೆ. ಆ ಮಗಳ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟಿದ್ದರು. ಅವರ ಹೆಂಡತಿ, ನಮ್ಮ ಕಾಕು, ಅದನ್ನು ಓಣಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು.

ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಒಂದು ಮಧ್ಯಾಹ್ನ ಕಾಕಾ ತೋಟದಿಂದ ತೂರಾಡುತ್ತ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದರು. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು.

"ಕಣ್ಣ ಮಂಜ ಆಗ್ಯಾವ ತಂಗಿ… ನೀರ ಕೊಡ," ಅಂದರು.

ನೀರು ಕುಡಿಸುವಾಗ ಕಂಡೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಟೆಂಪೊದಲ್ಲಿ ಇಂಡಿ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಜೀವ ಹೋಯಿತು.

ಮಣ್ಣಿಗೆ ಬಂದ ತೋಟದ ಮಾಲಕರು ನಾಲ್ಕು ಜನರ ಮುಂದೆ, "ಮುಂಜಾನೆದ್ದು ಶೆರೆ ಕುಡದ ಬಂದಿದ್ದ. ನಾ ಬ್ಯಾಡಂದ್ರೂ ಕೇಳಲಿಲ್ಲ," ಅಂದರು. ಕಾಕು ನಂಬಲಿಲ್ಲ. ಹೆಣ ಕೊಯ್ದ ಡಾಕ್ಟರು ಪ್ರಯೋಗಾಲಯಕ್ಕೆ ಕಳಿಸಿದ್ದ ಮಾದರಿಯ ರಿಪೋರ್ಟ್ ಬರಲಿ ಎಂದು ಕಾದಳು.

ತಿಂಗಳುಗಳ ಮೇಲೆ ಕಾಗದ ಬಂತು. ಓದು ಬಾರದ ಕಾಕು ಅದನ್ನು ನನ್ನ ಕೈಗೆ ಕೊಟ್ಟಳು. ಯಾವುದೇ ವಿಷ ಪತ್ತೆಯಾಗಿಲ್ಲ ಎಂದು ಬರೆದಿತ್ತು. ಶೆರೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಹಂಗಾರ ಬಾಯಾಗ ಜೊಲ್ಲ ಯಾಕ ಸುರೀತು ತಂಗಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಓಣಿಯಲ್ಲಿ ಕೆಮಿಸ್ಟ್ರಿ ಓದಿದವಳು ನಾನೊಬ್ಬಳೇ.

"ಮಶೀನಿನ್ಯಾಗ ನೋಡಿ ಬರದಿರ್ತಾರ ಕಾಕು. ವಿಷ ಇದ್ರ ಸಿಗತಿತ್ತು," ಅಂದೆ.

ಕಾಕು ಕಾಗದ ಮಡಚಿಕೊಂಡು ಎದ್ದು ಹೋದಳು. ಕೆಲವೇ ದಿನಗಳಲ್ಲಿ ಮಗಳನ್ನು ಕರೆದುಕೊಂಡು ನಾಲತವಾಡದ ತವರಿಗೆ ಹೊರಟುಹೋದಳು.

ವರ್ಷಗಳ ನಂತರ ಈ ಕೆಲಸಕ್ಕೆ ಸೇರಿದಾಗ ನನಗೆ ಮೊದಲು ಕಲಿಸಿದ್ದು ಯುದ್ಧದ ನರವಿಷಗಳ ಪತ್ತೆ. ಆ ವಿಷಗಳು ಇದ್ದಂತೆ ಉಳಿಯುವುದಿಲ್ಲ. ನೀರಿನಲ್ಲಿ, ಮೈಯಲ್ಲಿ ಒಡೆದು ಚೂರಾಗುತ್ತವೆ. ಹುಡುಕಬೇಕಾದದ್ದು ಆ ಚೂರುಗಳನ್ನು. ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಗೆ ಮಾದರಿಯನ್ನು ಬಿಟ್ಟು ವಿದ್ಯುತ್ ಹರಿಸಿದರೆ, ಒಂದೊಂದು ಚೂರೂ ತನ್ನದೇ ವೇಗದಲ್ಲಿ ಸಾಗಿ ಬೇರೆಯಾಗುತ್ತದೆ. ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಎನ್ನುತ್ತಾರೆ ಅದಕ್ಕೆ. ತೋಟಕ್ಕೆ ಹೊಡೆಯುವ ಎಷ್ಟೋ ಔಷಧಗಳೂ ಅದೇ ಬಳಗದವು, ಒಡೆಯುವುದೂ ಹಾಗೆಯೇ, ಪಾಪೆ ಕಿರಿದಾಗುವುದು ಅವುಗಳ ಗುರುತು ಎಂದು ಹಿರಿಯರೊಬ್ಬರು ವಿವರಿಸುತ್ತಿದ್ದಾಗ ನನಗೆ ಕಾಕಾನ ಸಾಸಿವೆ ಕಾಳಿನಂಥ ಪಾಪೆ ನೆನಪಾಯಿತು. ಕಾಕಾನ ವಿಷಯದಲ್ಲಿ ಇಡೀ ವಿಷವನ್ನಷ್ಟೇ ಹುಡುಕಿರಬೇಕು. ಚೂರುಗಳನ್ನು ಯಾರೂ ಹುಡುಕಿರಲಿಕ್ಕಿಲ್ಲ.

ಆ ಭಾನುವಾರವೇ ಮುದ್ದೇಬಿಹಾಳದ ಬಸ್ಸು ಹಿಡಿದು, ಅಲ್ಲಿಂದ ನಾಲತವಾಡಕ್ಕೆ ಹೋದೆ. ಕಾಕು ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ಎಲ್ಲ ಹೇಳಿದೆ.

"ನಂದ ತಪ್ಪಾತು ಕಾಕು. ಕಾಕಾ ಕುಡದ ಸತ್ತಿಲ್ಲ. ಆ ಎಣ್ಣೀನ ಅವರನ್ನ ಕೊಂದೈತಿ."

ಅವಳ ಕೈ ನಿಂತಿತು. ಶೇಂಗಾದ ಬುಟ್ಟಿ ಪಕ್ಕಕ್ಕೆ ಸರಿಸಿ ಅಂದಳು:

"ಅವರದ ಅಂತ ಇದ್ದದ್ದ ಒಂದ ಫೋಟೋ. ಕೂಸಿನ ತಲಿ ಮುಟ್ಟಿ ಮಾಡಿದ ಆಣಿ ಮುರದ್ರು ಅಂತ ಸಿಟ್ಟಿಲೆ ಒಲ್ಯಾಗ ಹಾಕೀನಿ… ನೀ ಕಾಗದ ಓದಿ ಹೇಳಿದ ದಿನಾನ."

ಎದ್ದು ಒಳಗೆ ಹೋದವಳು ಹೊರಗೆ ಬರಲಿಲ್ಲ. ಚಹಾ ತಂದ ಮಗಳು ನನ್ನ ಹತ್ತಿರ ಕುಳಿತು, "ನಮ್ಮಪ್ಪ ನೋಡಾಕ ಹೆಂಗಿದ್ದ, ಅಕ್ಕಾ?" ಎಂದಳು. ಮೀಸೆ, ಹಣೆ, ನಕ್ಕರೆ ಬೀಳುತ್ತಿದ್ದ ಗುಳಿ… ನೆನಪಿದ್ದಷ್ಟು ಹೇಳಿದೆ.

ಕಾಕು ಈಗಿಲ್ಲ. ಕಾಕಾನ ಮಾದರಿಯನ್ನು ಕೇಸು ಮುಗಿದಾಗಲೇ ನಾಶ ಮಾಡಿರುತ್ತಾರೆ. ನಾನು ನಂಬಿದ್ದನ್ನು ಯಾರಿಗೂ ತೋರಿಸಿಕೊಡಲಾರೆ. ಆ ಹುಡುಗಿ ಈಗಲೂ ಒಮ್ಮೊಮ್ಮೆ ಫೋನ್ ಮಾಡಿ ಅಪ್ಪ ನೋಡಲು ಹೇಗಿದ್ದ ಎಂದೇ ಕೇಳುತ್ತಾಳೆ. ಮೊನ್ನೆ ಕೇಳಿದಾಗ ಗುಳಿ ಯಾವ ಕೆನ್ನೆಯ ಮೇಲಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಎಡಕ್ಕೆ ಅಂದೆ. ನಿಜವೋ ಸುಳ್ಳೋ…